ಪದವಿನ ಕ್ಯಾಲೆಂಡರ್

ಮೇ 22 ಜಾಗತಿಕ ಜೀವವೈವಿಧ್ಯ ದಿನ. ಅವತ್ತು ನಮ್ಮ ಕರಾವಳಿಯ ಯಾವ ಸರಕಾರಿ ಶಾಲೆಗೆ ಹೋದರೂ ಕಾಣುವುದು ಬೀಗ ಹಾಕಿದ ಬಾಗಿಲು, ಜಗಲಿಯಲ್ಲಿ ಮಲಗಿದ ನಾಯಿ. ಮಕ್ಕಳಿಗೆ ಬೇಸಿಗೆ ರಜೆ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅವತ್ತು ಮಕ್ಕಳಿರುತ್ತಾರೆ, ಆದರೆ ಹೊರಗೆ ಒಂದು ಕಪ್ಪೆಯ ಸದ್ದೂ ಇರುವುದಿಲ್ಲ. ಜೂನ್ 5ರ ಪರಿಸರ ದಿನಕ್ಕೆ ಮಕ್ಕಳೂ ಉಂಟು, ಮಳೆಯೂ ಉಂಟು. ಆದರೆ ಅವತ್ತು ಬರುವವರ ಕೈಯಲ್ಲೆಲ್ಲ ಒಂದೊಂದು ಗಿಡ, ಹಿಂದೆ ಒಬ್ಬ ಫೋಟೋಗ್ರಾಫರ್. ಗುಂಡಿ ತೋಡಿ, ಗಿಡ ಇಟ್ಟು, ಚಪ್ಪಾಳೆ ಹೊಡೆದು, ಲಾಡು ತಿಂದು ಹೋಗುತ್ತಾರೆ.

ನಾನು ಕಾರ್ಕಳ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಇಂಥ ದಿನಾಚರಣೆಗಳಿಗೆ ‘ಸಂಪನ್ಮೂಲ ವ್ಯಕ್ತಿ’ಯಾಗಿ ಹೋಗಿ ಬೇಕಾದಷ್ಟು ಶಾಲು ಹೊದೆಸಿಕೊಂಡಿದ್ದೇನೆ. ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯ ಹೆಡ್ಮಾಸ್ಟರ್ ಮತ್ತೆ ಕರೆದಾಗ ಒಂದು ಮಾತು ಕೇಳಿದೆ. ಒಂದು ದಿನದ ಕಾರ್ಯಕ್ರಮ ಬೇಡ, ಶಾಲೆಯ ಹಿಂದಿನ ಪದವು ಗುಡ್ಡಕ್ಕೆ ವರ್ಷವಿಡೀ ಮಕ್ಕಳನ್ನು ಕರೆದುಕೊಂಡು ಹೋಗಲು ಬಿಡ್ತೀರಾ ಅಂತ. ಅವರು ನಕ್ಕರು. “ಪದವಲ್ಲಿ ಎಂತ ಉಂಟು ಮೇಡಂ? ಬರೀ ಕಲ್ಲು.”

ಘಟ್ಟದ ಮೇಲಿನವರಿಗಾಗಿ ಸ್ವಲ್ಪ ಹೇಳಬೇಕು. ಪದವು ಅಂದರೆ ಮುರಕಲ್ಲಿನ ಬಯಲುಗುಡ್ಡ. ಜೋರು ಮಳೆ, ಜೋರು ಬಿಸಿಲು ಎರಡೂ ಇರುವ ಕಡೆ ಬಂಡೆಯಲ್ಲಿನ ಕರಗುವ ಅಂಶವೆಲ್ಲ ಎಷ್ಟೋ ಕಾಲ ತೊಳೆದುಹೋಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳಿದು ಗಟ್ಟಿಯಾಗುತ್ತದೆ. ಅದೇ ಮುರಕಲ್ಲು. ಆ ಕೆಂಪು ಬಣ್ಣ ಕಬ್ಬಿಣದ್ದು. ನಮ್ಮ ಮನೆ, ಬಾವಿಕಟ್ಟೆ, ಆ ಶಾಲೆಯ ಗೋಡೆ ಎಲ್ಲ ಅದರಿಂದಲೇ ಕಟ್ಟಿದ್ದು. ಪದವಿನ ಮೇಲೆ ಮಣ್ಣು ತೀರಾ ತೆಳು, ಎಷ್ಟೋ ಕಡೆ ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ಬರಿಗಾಲು ಇಡಲಾಗುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೋಡಬೇಕು. ತಗ್ಗಿನಲ್ಲೆಲ್ಲ ನೀರು ನಿಂತು, ಬಂಡೆಯ ಸಂದಿಯಲ್ಲೆಲ್ಲ ಹಸಿರು ಎದ್ದು, ಇದೇ ಜಾಗವಾ ಅನಿಸುತ್ತದೆ. ಆದರೆ ಕಾಗದಪತ್ರದಲ್ಲಿ ಇಂಥದ್ದಕ್ಕೆ ‘ಬಂಜರು’ ಅನ್ನುವುದು ರೂಢಿ. ಹಾಗಾಗಿ ಯಾರಿಗೆ ಏನು ಬೇಕಾದರೂ ಪದವೇ ಜಾಗ. ಲೇಔಟ್ ಅಲ್ಲಿ, ಕಲ್ಲಿನ ಕೋರೆ ಅಲ್ಲಿ, ಮನೆ ಕೆಡವಿದ ಅವಶೇಷ ಅಲ್ಲಿ. ಗಿಡ ನೆಟ್ಟು ಪುಣ್ಯ ಕಟ್ಟಿಕೊಳ್ಳಬೇಕೆಂದರೆ ಅಕೇಶಿಯಾ ಕೂಡ ಅಲ್ಲೇ.

ಹೆಡ್ಮಾಸ್ಟರ್ ಒಪ್ಪಿದರು. ಅನುಮತಿ ಪತ್ರಗಳ ಓಡಾಟ ಎಲ್ಲ ಕಡೆ ಇರುವಂಥದ್ದೇ, ಅದನ್ನು ಬಿಡೋಣ. ಹೇಳಬೇಕಾದದ್ದು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯ ಬಗ್ಗೆ. ಒಬ್ಬ ತಾಯಿ ಎದ್ದು ನಿಂತು ನೇರ ಕೇಳಿದರು. “ಹಾವು ಕಚ್ಚಿದರೆ ಯಾರು ನೋಡುವುದು ಟೀಚರ್?” ನ್ಯಾಯವಾದ ಪ್ರಶ್ನೆ. ಕನ್ನಡಿ ಹಾವು ನಮ್ಮಲ್ಲಿ ಅಪರೂಪ ಏನಲ್ಲ. ಹಾವಿನಷ್ಟೇ ಹೆದರಿಕೆ ನನಗೆ ಕೋರೆಯ ಹೊಂಡದ್ದು. ಕಲ್ಲು ತೆಗೆದು ಬಿಟ್ಟ ಹೊಂಡ ಮಳೆಗಾಲದಲ್ಲಿ ತುಂಬಿದರೆ ಎಷ್ಟು ಆಳ ಎಂದು ಮೇಲಿನಿಂದ ಗೊತ್ತಾಗುವುದಿಲ್ಲ. ಅಂಚು ನೇರ ಗೋಡೆ. ಬಿದ್ದರೆ ಹಿಡಿದುಕೊಳ್ಳಲು ಏನೂ ಸಿಗದು. ಹಾಗಾಗಿ ನಾನು ಮತ್ತು ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಮೊದಲೇ ಇಡೀ ಪದವು ಸುತ್ತಿ ಒಂದು ನಕ್ಷೆ ಮಾಡಿದೆವು. ಹೊಂಡದ ಬದಿಯನ್ನು ಪೂರ್ತಿ ಬಿಟ್ಟು, ಶಾಲೆಯಿಂದ ಕೂಗಿದರೆ ಕೇಳುವಷ್ಟು ದೂರದ ಒಂದು ತುಂಡು ಆರಿಸಿಕೊಂಡೆವು. ಮಕ್ಕಳಿಗೆ ನಿಯಮ ಇಷ್ಟೇ. ಮುಚ್ಚಿದ ಚಪ್ಪಲಿ ಅಥವಾ ಶೂ. ಕಾಲಿನಲ್ಲಿ ಗಾಯ ಇದ್ದವರು ನೀರಿಗೆ ಇಳಿಯಬಾರದು, ಇಲಿಜ್ವರ ಬರುವುದು ಹಾಗೆಯೇ. ಕಲ್ಲು ಎತ್ತುವುದಾದರೆ ದೊಡ್ಡವರು ಮಾತ್ರ. ಆ ತಾಯಿ ಕೊನೆಗೆ ತಾನೂ ಬರುತ್ತೇನೆ ಎಂದರು. ಆಮೇಲೆ ಹೆಚ್ಚುಕಮ್ಮಿ ಪ್ರತಿ ಸಲವೂ ಬಂದರು.

ಜೂನ್ 5ರ ಗಿಡದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹುಲ್ಲುಬಯಲಿಗೆ ಮರ ನೆಡುವುದು ಅಲ್ಲಿನ ಜೀವಿಗಳಿಗೆ ಉಪಕಾರ ಅಲ್ಲ. ನೆರಳು ಬಿದ್ದ ಕಡೆ ಬಿಸಿಲು ಬೇಕಾದ ಸಣ್ಣ ಗಿಡ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಆ ವರ್ಷ ಗಿಡಗಳನ್ನು ಪದವಿನ ಮೇಲೆ ಅಲ್ಲ, ಶಾಲೆಯ ಕಂಪೌಂಡ್ ಒಳಗೆ ನೆಟ್ಟೆವು. ಈಶ್ವರಿ ಬಳ್ಳಿ, ನಿಂಬೆ, ಕರಿಬೇವು. ಈಶ್ವರಿ ಬಳ್ಳಿ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವ ಗಿಡ. ಆ ಚಿಟ್ಟೆ ಇನ್ನೂ ನಮ್ಮಲ್ಲಿಗೆ ಬಂದಿಲ್ಲ. ಬಂದದ್ದು ಕಾಮನ್ ಮಾರ್ಮನ್, ಅದೂ ಬಿಸಿಯೂಟದ ಅಡುಗೆಯವರು ಮೊದಲೇ ನೆಟ್ಟಿದ್ದ ದೊಡ್ಡ ಕರಿಬೇವಿಗೆ. ಮರಿಹುಳ ಚಿಕ್ಕದಿರುವಾಗ ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೇ ಕಾಣುತ್ತದೆ, ಬೆಳೆದ ಮೇಲೆ ಹಸಿರು. “ಒಗ್ಗರಣೆಗೆ ಎಲೆ ಇಲ್ಲ, ನಿಮ್ಮ ಚಿಟ್ಟೆಗೆ ಊಟ ಉಂಟಾ?” ಎಂದು ಅಡುಗೆಯ ಅಕ್ಕ ನನಗೆ ಜೋರು ಮಾಡಿದರು. ಎರಡು ದಿನ ಕಳೆದು ಅವರೇ ಮಕ್ಕಳನ್ನು ಕರೆದು ಕೋಶ ಎಲ್ಲಿ ಕಟ್ಟಿದೆ ಎಂದು ತೋರಿಸುತ್ತಿದ್ದರು.

ಪದವಿನ ಕೆಲಸ ಶುರುವಾದದ್ದು ಜೂನ್ ಕೊನೆಯಲ್ಲಿ. ಆರು ಮತ್ತು ಏಳನೇ ತರಗತಿಯ ಮಕ್ಕಳು. ಕೈಗೆ ಕೊಟ್ಟದ್ದು ನಾಲ್ಕು ಮೀಟರ್ ಸುತಳಿ ಹಗ್ಗ, ಮೀಟರಿಗೆ ಒಂದು ಗಂಟು. ತುದಿಗಳನ್ನು ಸೇರಿಸಿ ನಾಲ್ಕು ಮಕ್ಕಳು ನಾಲ್ಕು ಮೂಲೆ ಹಿಡಿದು ಎಳೆದರೆ ಒಂದು ಚದರ ಮೀಟರ್. ಮೂಲೆಗೆ ಗೂಟ ಹೊಡೆಯೋಣವೆಂದರೆ ಮುರಕಲ್ಲಿಗೆ ಗೂಟ ಇಳಿಯುತ್ತದಾ? ಬಂಡೆಯ ಮೇಲೆ ಬಿಳಿ ಪೇಂಟಿನ ಚುಕ್ಕೆ ಇಟ್ಟೆವು. ಮುಂದಿನ ತಿಂಗಳೂ ಅದೇ ಚೌಕಕ್ಕೆ ಬರಬೇಕಲ್ಲ. ಇದೇ ಮುಖ್ಯ. ಒಂದು ಜಾಗಕ್ಕೆ ಒಂದು ಸಲ ಹೋದರೆ ಅದು ಪಿಕ್ನಿಕ್. ಅದೇ ಜಾಗಕ್ಕೆ ಮತ್ತೆ ಹೋಗಿ, ಹೋದ ಸಲ ಬರೆದದ್ದನ್ನು ತೆರೆದು ನೋಡಿದರೆ ಅಲ್ಲಿಂದ ವಿಜ್ಞಾನ ಶುರು. ಮಕ್ಕಳಿಗೆ ನಾವು ವಿಜ್ಞಾನ ಎಂದು ತೋರಿಸುವುದು ಹೆಚ್ಚಾಗಿ ಮೊದಲನೆಯದನ್ನೇ.

ಚೌಕದೊಳಗೆ ಎಷ್ಟು ಬಗೆಯ ಗಿಡ ಉಂಟು ನೋಡಿ ಎಂದೆ. ಒಂದು ಗುಂಪು ತಕ್ಷಣ ಬಂತು. “ಎರಡೇ ಟೀಚರ್. ಹುಲ್ಲು, ಮತ್ತೆ ತಿಮರೆ.” ತಿಮರೆ ಅಂದರೆ ಒಂದೆಲಗ, ತುಳುವಿನಲ್ಲಿ. ಹುಲ್ಲೆಲ್ಲ ಒಂದೇನಾ ಎಂದು ಕೇಳಿದೆ. ತಿರುಗಿ ಹೋದರು. ಕುಕ್ಕರುಗಾಲಲ್ಲಿ ಕೂತು ಹುಡುಕಿದರು. ಒಂದರ ದಂಟು ಉರುಟು, ಇನ್ನೊಂದರದ್ದು ಮೂರು ಮೂಲೆ. ಒಂದರ ತೆನೆ ಕವಲು, ಇನ್ನೊಂದರದ್ದು ತುದಿಯಲ್ಲಿ ಬಿಳಿ ಗುಂಡಿ. ಹೆಸರು ಯಾರಿಗೂ ಗೊತ್ತಿಲ್ಲ. ಸರಿ, ‘ಹುಲ್ಲು 1’, ‘ಹುಲ್ಲು 2’ ಎಂದು ಬರೆಯಿರಿ, ಪಕ್ಕದಲ್ಲಿ ಚಿತ್ರ ಬಿಡಿಸಿ ಎಂದೆ. ದೊಡ್ಡ ದೊಡ್ಡ ಸಂಶೋಧಕರೂ ಕಾಡಿನಲ್ಲಿ ಮೊದಲು ಮಾಡುವುದು ಇದನ್ನೇ. ಹೆಸರು ಆಮೇಲೆ ಬರುತ್ತದೆ, ವ್ಯತ್ಯಾಸ ಕಾಣುವುದು ಮೊದಲು. ಆ ಮೂರು ಮೂಲೆಯ ದಂಟಿನದ್ದು ಹುಲ್ಲೇ ಅಲ್ಲ, ಜೇಕು. ಅದನ್ನು ನಾನು ಆ ಹೊತ್ತಿಗೆ ಹೇಳಲಿಲ್ಲ. ಸಸ್ಯಶಾಸ್ತ್ರದವರಿಗೆ ಹೆಸರು ಹೇಳದೆ ಸುಮ್ನೆ ಇರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ.

ತಿನ್ನುವ ಸಂಗತಿಗೆ ಬಂದರೆ ಮಾತ್ರ ಅವರೇ ಗುರುಗಳು. ಕೇಪುಳ ಹಣ್ಣು ಯಾವ ಪೊದೆಯದ್ದು ಸಿಹಿ, ಕುಂಟಲ ಯಾವಾಗ ಹಣ್ಣಾಗುತ್ತದೆ, ಕರಂಡೆ ಕಾಯಿ ಕೊಯ್ದರೆ ಬರುವ ಹಾಲು ಬಟ್ಟೆಗೆ ಅಂಟಿದರೆ ಮನೆಯಲ್ಲಿ ಎಷ್ಟು ಬೈಗುಳ, ಎಲ್ಲ ಗೊತ್ತು. ನಮ್ಮ ಎಂಎಸ್ಸಿ ಮಾಡಲು ಹೊರಟಿರುವ ಹುಡುಗಿ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದಳು.

ಜುಲೈ ಬಂತು. ಮಳೆ ಜೋರಾಯಿತು. ಡಿಸಿ ರಜೆ ಕೊಟ್ಟರು. ನಮ್ಮ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಮತ್ತೆ ಮಳೆ, ಮತ್ತೆ ರಜೆ. ಕರಾವಳಿಯ ಮಕ್ಕಳಿಗೆ ವಿಜ್ಞಾನದಲ್ಲಿ ಅತಿ ಪ್ರೀತಿಯ ವಿಭಾಗ ಯಾವುದು ಗೊತ್ತಾ? ಹವಾಮಾನ. ರೆಡ್ ಅಲರ್ಟ್ ಯಾವುದು, ಆರೆಂಜ್ ಯಾವುದು, ಯಾವುದಕ್ಕೆ ರಜೆ ಗ್ಯಾರಂಟಿ ಎಂದು ಮೂರನೇ ತರಗತಿಯವನೂ ಹೇಳುತ್ತಾನೆ. ಆ ಪ್ರೀತಿಯನ್ನೇ ಹಿಡಿದೆವು. ನೇರ ಗೋಡೆಯ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ, ಪಕ್ಕದಲ್ಲಿ ಅಂಟಿಸಿದ ಸ್ಕೇಲು. ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದು ಚೆಲ್ಲಬೇಕು. ಹವಾಮಾನ ಇಲಾಖೆಯ ಮಳೆ ದಿನವೂ ಎಂಟೂವರೆಯಿಂದ ಎಂಟೂವರೆಗೇ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ‘ಭಾರೀ’, 115.6 ದಾಟಿದರೆ ‘ಅತಿ ಭಾರೀ’, 204.5 ಆದರೆ ಅದಕ್ಕೂ ಮೇಲಿನದು. ಮಕ್ಕಳು ಮನೆಯಲ್ಲೂ ಡಬ್ಬ ಇಟ್ಟರು. ಒಂದೇ ಊರಿನ ಎರಡು ಮನೆಯಲ್ಲಿ ಬೇರೆ ಬೇರೆ ಲೆಕ್ಕ ಬಂತು. ಜಗಳ ಹತ್ತಿತು. ಹೋಗಿ ನೋಡಿದರೆ ಒಂದು ಡಬ್ಬ ತೆಂಗಿನ ಮರದ ಕೆಳಗೆ. ಮಳೆಮಾಪಕವನ್ನು ಬಯಲಲ್ಲೇ ಏಕೆ ಇಡಬೇಕು ಅನ್ನುವ ಪಾಠ ನಾನು ಮಾಡಬೇಕಾಗಲಿಲ್ಲ.

ಮಳೆ ಸ್ವಲ್ಪ ಬಿಟ್ಟ ಒಂದು ಸಂಜೆ ಅಪ್ಪ ಅಮ್ಮಂದಿರ ಜೊತೆಗೇ ಮಕ್ಕಳನ್ನು ಪದವಿಗೆ ಕರೆದೆವು. ಕಪ್ಪೆ ಕೇಳಲು. ನೋಡಲು ಅಲ್ಲ, ಕೇಳಲು. ಕತ್ತಲಾಗುವಷ್ಟರಲ್ಲಿ ಇಡೀ ಪದವು ಸದ್ದು. ಟಾರ್ಚ್ ಆರಿಸಿ, ಎಲ್ಲರೂ ಕೂತು, ಎಷ್ಟು ಬಗೆಯ ಸ್ವರ ಉಂಟು ಬೆರಳಲ್ಲಿ ಎಣಿಸಿ ಎಂದೆ. ದೊಡ್ಡ ಹಳದಿ ಕಪ್ಪೆಯದ್ದು ಎಲ್ಲರಿಗೂ ಗೊತ್ತು. ಉಳಿದವು ಒಂದರ ಮೇಲೊಂದು. ನಡುವೆ ಸಣ್ಣಗೆ ಕಿರ್‌ಕಿರ್ ಎಂದು ಒಂದೇ ಸಮ. “ಅದು ಜೀರುಂಡೆ ಟೀಚರ್, ಕಪ್ಪೆ ಅಲ್ಲ,” ಎಂದ ಒಬ್ಬ ಹುಡುಗ. ಅವನ ಅಪ್ಪನೂ ಹೌದು ಎಂದರು.

ಹಾಗಾದರೆ ಹುಡುಕೋಣ ಅಂದೆ. ಕತ್ತಲಲ್ಲಿ ಸದ್ದಿನ ಜಾಗ ಹಿಡಿಯಲು ಒಂದು ಉಪಾಯ ಉಂಟು. ಮೂವರನ್ನು ದೂರ ದೂರ ನಿಲ್ಲಿಸಬೇಕು. ಮೂವರೂ ಕಣ್ಣು ಮುಚ್ಚಿ ಸದ್ದು ಬರುವ ಕಡೆಗೆ ಕೈ ಚಾಚಬೇಕು. ಮೂರು ಕೈಗಳ ಗೆರೆ ಎಲ್ಲಿ ಕೂಡುತ್ತದೋ ಅಲ್ಲಿ ಹುಡುಕಬೇಕು. ರೇಖಾಗಣಿತದ ಪುಸ್ತಕದಲ್ಲಿ ನೀರಸವಾಗಿ ಮಲಗಿರುವ ತ್ರಿಕೋನ ಅಲ್ಲಿ ಎದ್ದು ನಿಂತಿತು. ಗೆರೆ ಕೂಡಿದ ಕಡೆ ಟಾರ್ಚ್ ಬಿಟ್ಟು ಹುಲ್ಲಿನ ಬುಡ ನೋಡುತ್ತಾ ಹೋದೆವು. ಸದ್ದು ನಿಂತಿತು. ಕಾದೆವು. ಮತ್ತೆ ಶುರುವಾಯಿತು. ಕೊನೆಗೆ ಕಂಡದ್ದು ಆ ಹಾವಿನ ಪ್ರಶ್ನೆ ಕೇಳಿದ ತಾಯಿಗೆ. ಹುಲ್ಲಿನ ಬುಡದಲ್ಲಿ, ನೀರಿನ ಅಂಚಿಗೆ, ತಿಳಿ ಕಂದು ಮೈ, ಅದರ ಮೇಲೆ ಕಪ್ಪು ಗುರುತು. ಹೆಬ್ಬೆರಳಿನ ಉಗುರಿನಷ್ಟೇ ಕಪ್ಪೆ. ಗಂಟಲು ಉಬ್ಬಿಸಿ ಕೂಗುತ್ತಿತ್ತು.

ಮೈಕ್ರೋಹೈಲಾ ಲ್ಯಾಟರೈಟ್ ಅಂತ ಅದರ ವೈಜ್ಞಾನಿಕ ಹೆಸರು. ಬೆಳೆದದ್ದೂ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ಕೂಗು ಜೀರುಂಡೆಯದ್ದೆಂದೇ ಅನಿಸುವಂಥದ್ದು, ಹುಡುಗನ ಊಹೆಗೆ ಕಾರಣ ಇತ್ತು. ಮಣಿಪಾಲದ ಸುತ್ತಲಿನ ಮುರಕಲ್ಲು ಬಯಲಲ್ಲಿ ಸಿಕ್ಕಿದ ಇದನ್ನು ಹೊಸ ಪ್ರಭೇದ ಎಂದು ಪ್ರಕಟಿಸಿದ್ದು 2016ರಲ್ಲಿ. ಅಮೆಜಾನ್ ಕಾಡಿನಲ್ಲಿ ಅಲ್ಲ, ಬಸ್ಸು, ಹಾಸ್ಟೆಲ್, ಆಸ್ಪತ್ರೆಗಳ ಪಕ್ಕದಲ್ಲಿ. ಇದನ್ನು ಹೇಳಿದಾಗ ಹುಡುಗಿಯೊಬ್ಬಳು ಕೇಳಿದಳು. “ಅದಕ್ಕಿಂತ ಮುಂಚೆ ಅದು ಎಲ್ಲಿತ್ತು?” ಇಲ್ಲೇ ಇತ್ತು ಎಂದೆ. “ಹಾಗಾದರೆ ನಮ್ಮ ಅಜ್ಜನಿಗೆ ಗೊತ್ತಿತ್ತಾ?” ಗೊತ್ತಿಲ್ಲ.

ಆ ‘ಗೊತ್ತಿಲ್ಲ’ಕ್ಕೆ ನಮ್ಮಲ್ಲಿ ಒಂದು ಪುಸ್ತಕ ಉಂಟು. ಇನ್ನೂರು ಪುಟದ ನೋಟ್‌ಬುಕ್, ಮೇಲೆ ‘ಗೊತ್ತಿಲ್ಲ’ ಎಂದೇ ಬರೆದದ್ದು. ಉತ್ತರ ಸಿಗದ ಪ್ರಶ್ನೆಯನ್ನು ದಿನಾಂಕ ಹಾಕಿ ಅದರಲ್ಲಿ ಬರೆಯಬೇಕು. ಟೀಚರುಗಳಿಗೆ ಮೊದಲು ಇದು ಇಷ್ಟವಾಗಲಿಲ್ಲ. ಮಕ್ಕಳ ಎದುರು ಗೊತ್ತಿಲ್ಲ ಎಂದರೆ ಮರ್ಯಾದೆ ಏನಾದೀತು ಎಂಬ ಅಳುಕು. ಆಮೇಲೆ ವಿಜ್ಞಾನದ ಟೀಚರೇ ಎಲ್ಲರಿಗಿಂತ ಜಾಸ್ತಿ ಬರೆದರು.

ಕಪ್ಪೆಯನ್ನು ಯಾರೂ ಮುಟ್ಟಲಿಲ್ಲ, ಮುಟ್ಟಲು ಬಿಡಲಿಲ್ಲ. ಅದರ ಚರ್ಮ ನೀರನ್ನೂ ಗಾಳಿಯನ್ನೂ ಎಳೆದುಕೊಳ್ಳುವಂಥದ್ದು. ನಮ್ಮ ಕೈಯಲ್ಲಿ ಸೊಳ್ಳೆ ಮುಲಾಮು ಮೆತ್ತಿರುತ್ತದೆ.

ಆಟಿ ತಿಂಗಳಿನದ್ದು ಬೇರೆಯೇ ಕತೆ. ಆಟಿ ಅಮಾವಾಸ್ಯೆಯ ದಿನ ತುಳುನಾಡಿನಲ್ಲಿ ಬೆಳಗಾಗುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುತ್ತಾರೆ. ಕತ್ತಿ ತಾಗಿಸಬಾರದು, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಈ ಪದ್ಧತಿಯಲ್ಲಿ ಗಿಡ ಗುರುತಿಸುವುದು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಅಲ್ಲ. ಕತ್ತಲಲ್ಲಿ ಹಾಲೆ ಎಂದುಕೊಂಡು ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ. ಅದರಲ್ಲಿ ಸ್ಟ್ರಿಕ್ನೀನ್ ಅನ್ನುವ ವಿಷ ಉಂಟು. ಹಾಗಾಗಿ ಅಮಾವಾಸ್ಯೆಗೆ ಮೊದಲೇ ಒಬ್ಬ ಅಜ್ಜಿಯನ್ನು ಶಾಲೆಗೆ ಕರೆದೆವು. ಹಗಲಿನಲ್ಲೇ ಎರಡೂ ಮರದ ಕೊಂಬೆ ಮೇಜಿನ ಮೇಲೆ. ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ನಾಲ್ಕರಿಂದ ಏಳು ಎಲೆ, ಮುರಿದರೆ ಬಿಳಿ ಹಾಲು. ಕಾಸರಕದಲ್ಲಿ ಎಲೆ ಎದುರುಬದುರು ಎರಡೇ, ಬುಡದಿಂದಲೇ ಹೊರಟ ಮೂರೋ ಐದೋ ದಪ್ಪ ನರ, ಹಾಲು ಇಲ್ಲ. ಅಜ್ಜಿ ಇದ್ಯಾವುದನ್ನೂ ಹೇಳಲಿಲ್ಲ. ಮೂಸಿ ನೋಡಿ, ಉಗುರಿನಲ್ಲಿ ತೊಗಟೆ ಕೆರೆದು, “ಇದು ಪಾಲೆ, ಅದು ಬಿಸಾಡಿ” ಎಂದರು. ಪಾಲೆ ಅಂದರೆ ಹಾಲೆ, ತುಳುವಿನಲ್ಲಿ. ಮಕ್ಕಳು ಎರಡೂ ಪಟ್ಟಿ ಬರೆದುಕೊಂಡರು, ಪುಸ್ತಕದ ಲಕ್ಷಣ ಒಂದು ಕಡೆ, ಅಜ್ಜಿಯದ್ದು ಇನ್ನೊಂದು ಕಡೆ. ಗುರುತಿಸಲು ಗೊತ್ತಿರುವ ಹಿರಿಯರಿಲ್ಲದೆ ಯಾರೂ ತರಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆಸಿದೆವು.

ಕಲ್ಲಿನಲ್ಲೇ ಏಕೆ ಜಜ್ಜಬೇಕು, ಕತ್ತಿಯಲ್ಲಿ ತೆಗೆದರೆ ಏನಾಗುತ್ತದೆ? ಅಜ್ಜಿ ಕ್ರಮ ಹಾಗೆ ಎಂದರು. ನಮ್ಮ ಕಡೆ ಇಂಥ ಪ್ರಶ್ನೆಗೆ ಎರಡೇ ಸಿದ್ಧ ಉತ್ತರ. ‘ನಮ್ಮ ಹಿರಿಯರು ಎಂಥ ವಿಜ್ಞಾನಿಗಳು’ ಅನ್ನುವುದು ಒಂದು, ‘ಎಲ್ಲ ಮೂಢನಂಬಿಕೆ’ ಅನ್ನುವುದು ಇನ್ನೊಂದು. ಎರಡರಲ್ಲೂ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಒಬ್ಬ ಹುಡುಗ ಹೇಳಿದ, “ಎರಡೂ ತರ ತೆಗೆದು ಲ್ಯಾಬಿಗೆ ಕೊಟ್ಟರೆ ಗೊತ್ತಾಗ್ತದೆ.” ಆ ಲ್ಯಾಬ್ ನಮ್ಮ ಕೈಯಲ್ಲಿ ಇಲ್ಲ. ‘ಗೊತ್ತಿಲ್ಲ’ ಪುಸ್ತಕಕ್ಕೆ ಹೋಯಿತು.

ಸೆಪ್ಟೆಂಬರ್ ಹೊತ್ತಿಗೆ ನಮ್ಮ ಚೌಕಗಳ ಬಣ್ಣವೇ ಬೇರೆ. ನೀರು ಜಿನುಗುವ ಕಡೆಯೆಲ್ಲ ಯುಟ್ರಿಕ್ಯುಲೇರಿಯಾ ಅನ್ನುವ ಗಿಡದ ನೀಲಿ ಹೂ. ಮಧ್ಯೆ ಅಲ್ಲಲ್ಲಿ ಕೆಂಪು ಛಾಯೆಯ ಡ್ರಾಸೆರಾ ಅನ್ನುವ ಪುಟ್ಟ ಗಿಡ. “ಉಂದು ದಾದ ಟೀಚರ್?” ಎಂದು ಒಬ್ಬಳು ಕೂಗಿದಳು, ಇದು ಎಂಥದು ಅಂತ. ಮೊಬೈಲ್ ಕ್ಯಾಮೆರಾದ ಗಾಜಿನ ಮೇಲೆ ಒಂದು ಹನಿ ನೀರು ಇಟ್ಟು ಜೋಪಾನವಾಗಿ ತಿರುಗಿಸಿದರೆ ಒಳ್ಳೆಯ ಭೂತಗನ್ನಡಿ ಆಗುತ್ತದೆ. ಅದರಲ್ಲಿ ನೋಡಿದೆವು. ಸಪೂರ ಎಲೆಯ ತುಂಬ ಕೆಂಪು ಕೂದಲು, ಒಂದೊಂದರ ತುದಿಯಲ್ಲೂ ಹೊಳೆಯುವ ಅಂಟಿನ ಹನಿ. ಒಂದು ಸಣ್ಣ ನೊಣ ಸಿಕ್ಕಿಕೊಂಡಿತ್ತು. ಒಂದು ಕಾಲು ಬಿಡಿಸಿಕೊಂಡರೆ ಇನ್ನೊಂದು ಅಂಟುತ್ತದೆ. ರೆಕ್ಕೆ ಬಡಿದಷ್ಟೂ ರೆಕ್ಕೆಗೇ ಅಂಟು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಅರ್ಧದಷ್ಟು ಜನ ನೊಣದ ಪಕ್ಷ, ಇನ್ನರ್ಧ ಗಿಡದ ಪಕ್ಷ.

ಮುರಕಲ್ಲಿನ ತೆಳು ಮಣ್ಣನ್ನು ಮಳೆ ತೊಳೆಯುತ್ತಲೇ ಇರುತ್ತದೆ. ಸಾರಜನಕ ಉಳಿಯುವುದೇ ಇಲ್ಲ. ಹಾಗಾಗಿ ಈ ಗಿಡ ಅದನ್ನು ಹುಳದಿಂದ ಪಡೆಯುತ್ತದೆ. ಪಕ್ಕದ ನೀಲಿ ಹೂವಿನದ್ದು ಇನ್ನೂ ಚಂದ. ಅದರ ಬಲೆ ಕೆಸರಿನೊಳಗೆ. ಸೂಜಿಮೊನೆಯಷ್ಟು ಚಿಕ್ಕ ಚೀಲಗಳು, ಬಾಯಿಗೆ ಮುಚ್ಚಳ. ಹಾದುಹೋಗುವ ಜೀವಿ ಕೂದಲಿಗೆ ತಾಗಿದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ನೀರಿನ ಸಮೇತ ಒಳಗೆ.

ಚಾರ್ಲ್ಸ್ ಡಾರ್ವಿನ್ ಡ್ರಾಸೆರಾ ಹಿಂದೆ ಬಿದ್ದು ವರ್ಷಗಟ್ಟಲೆ ಪ್ರಯೋಗ ಮಾಡಿ 1875ರಲ್ಲಿ ಒಂದು ಇಡೀ ಪುಸ್ತಕ ಬರೆದ. ಹಾಲು, ಮಾಂಸ, ಮೊಟ್ಟೆ ಎಂದು ಏನೇನೋ ತ‌ಿನ್ನಿಸಿ ನೋಡಿದ. ಇದನ್ನು ಹೇಳಿದ ಮೇಲೆ ಮಕ್ಕಳು ಸುಮ್ಮನಿರುತ್ತಾರಾ? ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನ ನೋಡಿ ಬಿಳಿಯ ಭಾಗದ ಚೂರು ಹಿಡಿದುಕೊಂಡು ಬಂದರು. ಒಂದು ಎಲೆಗೆ ಮೊಟ್ಟೆ, ಇನ್ನೊಂದಕ್ಕೆ ಅಷ್ಟೇ ಗಾತ್ರದ ಮರಳು. ಆ ಹೊತ್ತಿಗೆ ಏನೂ ಆಗಲಿಲ್ಲ. ಕಾದು ಕಾದು ಬೇಸರ ಬಂತು. ಚೌಕದ ಲೆಕ್ಕ ಮುಗಿಸಿ ಬಂದು ನೋಡಿದರೆ ಮೊಟ್ಟೆಯ ಸುತ್ತಲಿನ ಕೂದಲು ಒಳಕ್ಕೆ ಬಾಗಿತ್ತು. ಮರಳಿಗೂ ಸ್ವಲ್ಪ ಬಾಗಿತ್ತು, ಆದರೆ ಅಷ್ಟು ಉಮೇದು ಕಾಣಲಿಲ್ಲ. ಆಗ ಬಂತು ನೋಡಿ ಆ ವರ್ಷದ ಪ್ರಶ್ನೆ. ಯಾವಾಗಲೂ ಹಿಂದೆ ನಿಲ್ಲುವ, ಮಾತೇ ಆಡದ ಹುಡುಗ. “ನೆಲಕ್ಕೆ ಯೂರಿಯಾ ಹಾಕಿದರೆ ಅದು ಹುಳ ತಿನ್ನುವುದು ಬಿಡ್ತದಾ?”

ನನಗೆ ರೋಮಾಂಚನ. ಮನೆಗೆ ಹೋಗಿ ಹುಡುಕಿದೆ. ಉತ್ತರ ಯುರೋಪಿನ ಜೌಗು ನೆಲದ ಡ್ರಾಸೆರಾ ಮೇಲೆ ವಿಜ್ಞಾನಿಗಳು ಇದನ್ನೇ ನೋಡಿದ್ದಾರೆ. ಗಾಳಿ ಮಳೆಯಿಂದ ನೆಲಕ್ಕೆ ಸಾರಜನಕ ಹೆಚ್ಚು ಬಿದ್ದ ಕಡೆ ಗಿಡ ಹುಳವನ್ನು ನೆಚ್ಚಿಕೊಳ್ಳುವುದು ಕಡಿಮೆ ಆಗಿದೆ. ಮುಂದಿನ ಸಲ ಅವನನ್ನು ಎದುರಿಗೆ ನಿಲ್ಲಿಸಿ, ನೀನು ಕೇಳಿದ್ದನ್ನೇ ಅವರೂ ಕೇಳಿದ್ದಾರೆ ಎಂದೆ. ಅವನಿಗೆ ಅದರಿಂದ ಅಂಥ ಖುಷಿ ಏನೂ ಆದ ಹಾಗೆ ಕಾಣಲಿಲ್ಲ. “ನಾವು ಹಾಕಿ ನೋಡುವುದು ಯಾವಾಗ?” ಅಂದ. ಪದವಿಗೆ ಯೂರಿಯಾ ಹಾಕಲು ನಾನು ಬಿಡಲಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರ ನಡುವೆ ಇನ್ನೂ ರಾಜಿ ಆಗಿಲ್ಲ.

ನವೆಂಬರಿನಲ್ಲಿ ಪಂಚಾಯತಿಯ ಮಕ್ಕಳ ಗ್ರಾಮಸಭೆ. ಸಾಮಾನ್ಯವಾಗಿ ಅಲ್ಲಿ ಬರುವ ಬೇಡಿಕೆ ಶೌಚಾಲಯ, ಕಂಪೌಂಡ್, ಆಟದ ಮೈದಾನ. ಎಲ್ಲ ಬೇಕಾದದ್ದೇ. ನಮ್ಮ ಮಕ್ಕಳು ಅವುಗಳ ಜೊತೆ ಇನ್ನೊಂದು ಸೇರಿಸಿದರು. ಕಪ್ಪೆ ಸಿಕ್ಕಿದ ತಗ್ಗಿಗೆ ಯಾರೋ ಹಳೆ ಮನೆಯ ಹೆಂಚು, ಸಿಮೆಂಟು ತಂದು ಸುರಿಯಲು ಶುರು ಮಾಡಿದ್ದರು. ಏಳನೇ ತರಗತಿಯ ಹುಡುಗಿ ಎದ್ದು, ಇದೇ ಜಾಗದಲ್ಲಿ ಯಾವ ತಿಂಗಳು ಏನು ಇತ್ತು ಎಂದು ನೋಟ್‌ಬುಕ್ ನೋಡಿ ಓದಿದಳು. ಜೂನ್, ಜುಲೈ, ಸೆಪ್ಟೆಂಬರ್. ಭಾಷಣ ಏನೂ ಇಲ್ಲ, ಪಟ್ಟಿ ಮಾತ್ರ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲೂ ಒಂದು ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲೆ ಪುಸ್ತಕ ಇರಬೇಕು. ನಮ್ಮ ಸಭೆಯಲ್ಲಿದ್ದ ಸದಸ್ಯರೊಬ್ಬರು ಪಕ್ಕದವರನ್ನು ಮೆಲ್ಲ ಕೇಳಿದರು, “ಆ ಸಮಿತಿಯಲ್ಲಿ ನಾನೂ ಉಂಟಾ ಮಾರಾಯ್ರೆ?” ಇದ್ದರು. ಸುರಿಯುವುದು ನಿಂತಿತು. ಸುರಿದದ್ದನ್ನು ತೆಗೆಯುವ ಮಾತು ಮಾತ್ರ ಇವತ್ತಿಗೂ ‘ನೋಡೋಣ’ದಲ್ಲೇ ಉಂಟು.

ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿಗಳ ಗಣತಿಗೆ ಸೇರಿದೆವು. ನಾಲ್ಕು ದಿನ, ಒಂದು ಜಾಗದಲ್ಲಿ ಕಡಿಮೆ ಎಂದರೆ ಹದಿನೈದು ನಿಮಿಷ ನಿಂತು ಎಣಿಸುವುದು. ಟಿಟ್ಟಿಭ, ನವಿಲು, ಕಾಗೆ, ಮೈನಾ. ಹಕ್ಕಿಗೆ ಮಕ್ಕಳು ತಾವಾಗಿಯೇ ಸೋಲುತ್ತಾರೆ. ಅದರ ಬಗ್ಗೆ ಜಾಸ್ತಿ ಹೇಳುವುದು ಏನೂ ಇಲ್ಲ.

ಮಾರ್ಚ್‌ನಲ್ಲಿ ಚೌಕಗಳಲ್ಲಿ ಬರೆಯಲು ಉಳಿದದ್ದು ಒಣ ಹುಲ್ಲು ಮಾತ್ರ. ಮಧ್ಯಾಹ್ನ ಕಲ್ಲಿನ ಮೇಲೆ ಇಟ್ಟ ಥರ್ಮಾಮೀಟರ್ 50 ಡಿಗ್ರಿಯ ಹತ್ತಿರ ಹೋಯಿತು. ಎಲ್ಲ ಸತ್ತುಹೋಯಿತಾ ಎಂದು ಕೇಳಿದರು. ನೋಡೋಣ ಎಂದು ಕಪ್ಪೆಯ ತಗ್ಗಿನಿಂದ ಒಂದು ಮುಷ್ಟಿ ಒಣ ಮಣ್ಣು ಕೆರೆದು ತಂದೆವು. ಗಾಜಿನ ಬಾಟಲಿಗೆ ಹಾಕಿ ಬಾವಿ ನೀರು ತುಂಬಿಸಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಬಾಯಿಗೆ ಬಟ್ಟೆ ಕಟ್ಟಿದೆವು. ಆಗ ಅವರೇ ತಕರಾರು ಎತ್ತಿದರು. ಏನಾದರೂ ಕಂಡರೆ ಅದು ಬಾವಿಯಿಂದ ಬಂದದ್ದಲ್ಲ ಅಂತ ಹೇಗೆ ಹೇಳುವುದು? ಸರಿ, ಬರೀ ನೀರಿನ ಇನ್ನೊಂದು ಬಾಟಲಿ. ಕುದಿಸಿದ ಮಣ್ಣಿನದ್ದು ಮೂರನೆಯದು. ಮಣ್ಣು ಕುದಿಸಲು ಅಡುಗೆಯ ಅಕ್ಕ ಪಾತ್ರೆ ಕೊಡಲಿಲ್ಲ. “ಚಿಟ್ಟೆಗೆ ಎಲೆ ಕೊಟ್ಟೆ, ಇನ್ನು ಮಣ್ಣು ಬೇಯಿಸುವುದೂ ನಾನೇಯಾ?” ಹೊರಗೆ ಮೂರು ಕಲ್ಲು ಹೂಡಿ ಹಳೆ ತಗಡಿನ ಡಬ್ಬದಲ್ಲಿ ಕುದಿಸಿದರು.

ಒಂದು ವಾರದೊಳಗೆ ಮೊದಲನೇ ಬಾಟಲಿಯಲ್ಲಿ ಎಳ್ಳಿಗಿಂತಲೂ ಚಿಕ್ಕ ಚುಕ್ಕೆಗಳು ಓಡಾಡತೊಡಗಿದವು. ಹನಿಯಲ್ಲಿ ಹಿಡಿದು ಭೂತಗನ್ನಡಿ ಇಟ್ಟರೆ ಎರಡು ಚಿಪ್ಪಿನ ನಡುವೆ ಕಾಲು ಆಡಿಸುವ ಜೀವಿ. ಆಸ್ಟ್ರಕಾಡ್, ಸಿಗಡಿಯ ದೂರದ ನೆಂಟ. ಇವುಗಳ ಮೊಟ್ಟೆ ಒಣಗಿದ ಮಣ್ಣಿನಲ್ಲೇ ಬಿಸಿಲು ತಡೆದು ನೀರಿಗಾಗಿ ಕಾಯುತ್ತದೆ. ಉಳಿದ ಎರಡು ಬಾಟಲಿಯಲ್ಲಿ ಏನೂ ಇರಲಿಲ್ಲ.

ಇನ್ನೊಂದು ವರ್ಷ ಒಣಗಿಸಿ ಇಟ್ಟರೂ ಬರುತ್ತದಾ? ಎರಡು ವರ್ಷ? ಪುಸ್ತಕದಲ್ಲಿ ಉತ್ತರ ಇರಬಹುದು, ಆದರೆ ನಮ್ಮ ಪದವಿನ ಮಣ್ಣಿನದ್ದು ಎಲ್ಲಿಯೂ ಇಲ್ಲ. ಹಾಗಾಗಿ ಪರೀಕ್ಷೆ ಮುಗಿದು ರಜೆ ಬರುವಾಗ ಬೇಕೆಂದವರಿಗೆಲ್ಲ ಒಂದೊಂದು ಕಾಗದದ ಪೊಟ್ಟಣದಲ್ಲಿ ಮಣ್ಣು ಕಟ್ಟಿ, ದಿನಾಂಕ ಬರೆದು ಕೊಟ್ಟೆವು. ಒಬ್ಬನ ಪೊಟ್ಟಣವನ್ನು ಅವನ ಅಮ್ಮ ಕಸ ಎಂದುಕೊಂಡು ಬಿಸಾಡಿದರಂತೆ. ಹುಡುಗ ಏಪ್ರಿಲ್ ಬಿಸಿಲಿನಲ್ಲಿ ಅಣ್ಣನನ್ನು ಕರೆದುಕೊಂಡು ಹೋಗಿ ಇನ್ನೊಂದು ಮುಷ್ಟಿ ತಂದಿದ್ದಾನೆ. ವಾಟ್ಸಾಪಿನಲ್ಲಿ ಫೋಟೋ ಬಂತು. ದಿನಾಂಕದ ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ, ‘ಇದರಲ್ಲಿ ಜನ ಉಂಟು. ಬಿಸಾಡಬೇಡಿ.’